ಕಾರು ನಿಂತಾಗ ಬ್ಯಾಟರಿ ತಿನ್ನುತ್ತಿರುವುದು ಯಾವುದು? ಚಾರ್ಜಿಂಗ್ ಸಾಕೆಟ್‌ನಿಂದ ಶುರು ಮಾಡಿ ಹುಡುಕುವ ಬಗೆ

ಈ ಕೆಲಸದಲ್ಲಿ ಹೆಚ್ಚಿನವರು ಒಂದೇ ಕಡೆ ಎಡವುತ್ತಾರೆ. ಬ್ಯಾಟರಿ ಇಳಿಯಿತು ಅಂತ ಮಲ್ಟಿಮೀಟರ್ ತಂದು ಹಚ್ಚುತ್ತಾರೆ. ಅರ್ಧ ನಿಮಿಷ ನೋಡಿ, ಎರಡು ಆಂಪ್ ಹೋಗ್ತಿದೆ ಅಂತ ಗಾಬರಿಯಾಗುತ್ತಾರೆ. ಇಲ್ಲವೇ ಮೀಟರಿನ ಫ್ಯೂಸ್ ಸುಟ್ಟುಕೊಳ್ಳುತ್ತಾರೆ. ಕೊನೆಗೆ ಬೇಜಾರಾಗಿ ಹೊಸ ಬ್ಯಾಟರಿ ಹಾಕಿಸುತ್ತಾರೆ. ಸ್ವಲ್ಪ ದಿನಕ್ಕೆ ಅದೂ ಇಳಿಯುತ್ತದೆ.

ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಕಾಕಾ ಹೀಗೇ ಎಂಟು ತಿಂಗಳಲ್ಲಿ ಎರಡು ಬ್ಯಾಟರಿ ಬದಲಾಯಿಸಿದ್ದರು. ಎರಡು ಸಲವೂ ಅಂಗಡಿಯಲ್ಲಿ ಒಂದೇ ಮಾತು: "ಬ್ಯಾಟ್ರಿ ಹೋಗೇತ್ರೀ ಸರ, ಹೊಸಾದು ಹಾಕಿಸಿಬಿಡ್ರಿ." ಯಾರೂ ಮೀಟರ್ ಹಚ್ಚಿ ನೋಡಿರಲಿಲ್ಲ. ಕಾಕಾ ವಾರಕ್ಕೊಮ್ಮೆ ಅಣ್ಣಿಗೇರಿಯ ಹೊಲಕ್ಕೆ ಹೋಗಿ ಬರುತ್ತಾರೆ, ಉಳಿದ ದಿನ ಗಾಡಿ ಮನೆ ಮುಂದೆ ನಿಂತಿರುತ್ತದೆ. ನಾನು ಡಿಕ್ಕಿ ತೆಗೆದು, ಅಲ್ಲಿ ಹಾಸಿದ್ದ ನವಲಗುಂದದ ಜಮಖಾನ ಎತ್ತಿದೆ. ಕೆಳಗೆ ಮಂದ ನೀಲಿ ಬೆಳಕು. ಟೈರಿಗೆ ಗಾಳಿ ತುಂಬುವ ಸಣ್ಣ ಪಂಪಿನ ಪ್ಲಗ್ ಡಿಕ್ಕಿಯ ಸಾಕೆಟ್‌ನಲ್ಲೇ ಇತ್ತು. ಅದರ ಪುಟ್ಟ ಪರದೆ ಹಗಲೂ ರಾತ್ರಿ ಉರಿಯುತ್ತಿತ್ತು. ಡಿಕ್ಕಿಯಲ್ಲಿ ಸಾಕೆಟ್ ಇದೆ ಅನ್ನುವುದೇ ಕಾಕಾಗೆ ಮರೆತುಹೋಗಿತ್ತು.

ಹಾಗಾಗಿ ಕೆಳಗಿನ ಕ್ರಮವನ್ನು ದಯವಿಟ್ಟು ಮೇಲಿನಿಂದಲೇ ಹಿಡಿಯಿರಿ. ಮಧ್ಯದ ಹಂತ ಹಾರಿಸಿದರೆ ಮುಂದೆ ಮೀಟರ್ ತೋರಿಸುವ ಅಂಕಿಯನ್ನು ನಂಬುವ ಹಾಗಿಲ್ಲ.

ಮೊದಲು ಒಂದು ಸಣ್ಣ ಲೆಕ್ಕ

ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ 35 ಆಂಪ್-ಅವರ್ ಆಸುಪಾಸಿನ ಬ್ಯಾಟರಿ ಇರುತ್ತದೆ. ಅಂದರೆ ಒಂದು ಆಂಪ್ ಎಳೆದರೆ ಸುಮಾರು 35 ಗಂಟೆ. ಆದರೆ ಪೂರ್ತಿ ಖಾಲಿಯಾಗುವ ತನಕ ಸೆಲ್ಫ್ ಹೊಡೆಯುತ್ತದೆ ಅಂತ ತಿಳಿಯಬೇಡಿ. ಅರ್ಧಕ್ಕಿಂತ ಕೆಳಗೆ ಇಳಿದರೆ ಎಂಜಿನ್ ಎತ್ತುವುದು ಕಷ್ಟ. ಹಾಗಾಗಿ ನಮ್ಮ ಕೈಯಲ್ಲಿರುವುದು ಹದಿನೇಳು, ಹದಿನೆಂಟು ಆಂಪ್-ಅವರ್ ಮಾತ್ರ.

ಕಾರು ಆಫ್ ಆದಮೇಲೂ ಗಡಿಯಾರ, ರಿಮೋಟ್ ಲಾಕ್, ಅಲಾರಂ, ಕಂಪ್ಯೂಟರಿನ ನೆನಪು, ಇವಕ್ಕೆಲ್ಲ ಸ್ವಲ್ಪ ಕರೆಂಟ್ ಬೇಕು. 20ರಿಂದ 50 ಮಿಲಿಆಂಪ್ ಸಹಜ (ಸಾವಿರ ಮಿಲಿಆಂಪ್ ಸೇರಿದರೆ ಒಂದು ಆಂಪ್). 30 ಮಿಲಿಆಂಪ್ ಅಂತ ಹಿಡಿದರೆ ದಿನಕ್ಕೆ 0.7 ಆಂಪ್-ಅವರ್. ಮೂರು ವಾರ ನಿಲ್ಲಿಸಿದರೂ ಒಳ್ಳೆಯ ಬ್ಯಾಟರಿ ತಡೆಯುತ್ತದೆ.

ಈಗ ಸಾಕೆಟ್‌ಗೆ ಡ್ಯಾಶ್‌ಕ್ಯಾಮ್ ಸಿಕ್ಕಿಸಿ. ಅದು ಸುಮಾರು 300 ಮಿಲಿಆಂಪ್ ಎಳೆದರೆ ದಿನಕ್ಕೆ 7.2 ಆಂಪ್-ಅವರ್. ಎರಡೂವರೆ ದಿನದಲ್ಲಿ ಅರ್ಧ ಬ್ಯಾಟರಿ ಹೋಯಿತು. ಕಾರಿನ ಸಣ್ಣ ಫ್ರಿಜ್ 4 ಆಂಪ್ ಎಳೆದರೆ ನಾಲ್ಕೂವರೆ ಗಂಟೆ ಸಾಕು. ಫೋನ್ ಇಲ್ಲದೆ ಸುಮ್ನೆ ಸಿಕ್ಕಿಸಿಟ್ಟ ಚಾರ್ಜರ್ ಎಳೆಯುವುದು ಕಡಿಮೆ, ಹತ್ತು-ಇಪ್ಪತ್ತು ಮಿಲಿಆಂಪ್. ಒಂದೇ ಇದ್ದರೆ ಅಂಥ ಅಪಾಯವಿಲ್ಲ. ಆದರೆ ಬ್ಯಾಟರಿ ಹಳೆಯದಾಗಿ, ಗಾಡಿ ಎರಡು ವಾರ ನಿಂತರೆ ಅದೂ ಲೆಕ್ಕಕ್ಕೆ ಬರುತ್ತದೆ. ಫಾಸ್ಟ್ಯಾಗ್ ಮೇಲೆ ಅನುಮಾನ ಪಡಬೇಡಿ, ಅದು ಗಾಡಿಯ ಕರೆಂಟ್ ಬಳಸುವುದೇ ಇಲ್ಲ.

ಬೇಕಾಗುವ ಸಾಮಾನು

ಡಿಜಿಟಲ್ ಮಲ್ಟಿಮೀಟರ್ ಒಂದು ಬೇಕು. ಕೊಳ್ಳುವಾಗ 10 ಆಂಪ್ ಡಿಸಿ (ಬ್ಯಾಟರಿ ಕೊಡುವ ಬಗೆಯ ಕರೆಂಟ್) ಅಳೆಯುವ ಬೇರೆ ತೂತು ಇದೆಯಾ, ಅದಕ್ಕೆ ಫ್ಯೂಸ್ ಇದೆಯಾ ಅಂತ ಕೇಳಿ. ತೀರಾ ಅಗ್ಗದವುಗಳಲ್ಲಿ ಆ ತೂತಿಗೆ ಫ್ಯೂಸೇ ಇರುವುದಿಲ್ಲ. ವೈರಿನ ಸುತ್ತ ಹಿಡಿದರೇ ಕರೆಂಟ್ ತೋರಿಸುವ, ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಸಿಕ್ಕರೆ ಟರ್ಮಿನಲ್ ಬಿಚ್ಚುವ ಕೆಲಸವೇ ಇಲ್ಲ. ಆದರೆ ಮನೆ ವೈರಿಂಗ್‌ನವರ ಹತ್ತಿರ ಇರುವ ಕ್ಲ್ಯಾಂಪ್ ಮೀಟರ್ ಬಹಳಷ್ಟು ಸಲ ಎಸಿ, ಅಂದರೆ ಮನೆಯ ಕರೆಂಟ್ ಮಾತ್ರ ಅಳೆಯುತ್ತದೆ. ಡಿಸಿ ಅಳೆಯುವುದಾದರೂ ಮಿಲಿಆಂಪ್ ಮಟ್ಟದಲ್ಲಿ ಸರಿಯಾಗಿ ತೋರಿಸುತ್ತಾ ನೋಡಿ.

ಇದರ ಜೊತೆ 10 ನಂಬರ್ ಪಾನಾ, ಎರಡೂ ತುದಿಗೆ ಮೊಸಳೆ ಕ್ಲಿಪ್ ಇರುವ ದಪ್ಪ ವೈರ್ ಒಂದು, ಮೀಟರಿಗೆ ಹಾಕುವ ಕ್ಲಿಪ್ ಎರಡು, ಫ್ಯೂಸ್ ಎಳೆಯುವ ಚಿಮುಟ, ಸ್ಕ್ರೂಡ್ರೈವರ್, ಟಾರ್ಚ್, ಒಂದು ಹಳೇ ಬಟ್ಟೆ. ಫ್ಯೂಸ್ ಚಿಮುಟ ಬಹಳಷ್ಟು ಕಾರುಗಳಲ್ಲಿ ಫ್ಯೂಸ್ ಬಾಕ್ಸ್ ಒಳಗೇ ಇರುತ್ತದೆ. ಕಾರಿನ ಜೊತೆ ಕೊಟ್ಟ ಕೈಪಿಡಿಯನ್ನೂ ತೆಗೆದಿಟ್ಟುಕೊಳ್ಳಿ.

ಬಾನೆಟ್ ಎತ್ತುವ ಮೊದಲು ಉಂಗುರ, ಕಡಗ, ವಾಚು ತೆಗೆದಿಡಿ. ಪ್ಲಸ್ ಟರ್ಮಿನಲ್‌ಗೂ ಬಾಡಿಗೂ ನಡುವೆ ಉಂಗುರ ಸಿಕ್ಕಿಕೊಂಡರೆ ಕೆಂಪಗೆ ಕಾದು ಬೆರಳು ಸುಡುತ್ತದೆ. ಹತ್ತಿರ ಬೀಡಿ, ಸಿಗರೇಟು ಬೇಡ. ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅದಕ್ಕೆ ಒಂದು ಕಿಡಿ ಸಾಕು. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಗಾಡಿಯಾದರೆ ಕಿತ್ತಳೆ ಬಣ್ಣದ ಕೇಬಲ್ ಮುಟ್ಟಲೇಬೇಡಿ.

ಹಂತ 1: ನಿಮ್ಮ ಸಾಕೆಟ್ ಯಾವ ಜಾತಿಯದು, ತಿಳಿಯಿರಿ

ಕಾರಿನ 12 ವೋಲ್ಟ್ ಸಾಕೆಟ್‌ಗಳಲ್ಲಿ ಎರಡು ಬಗೆ. ಒಂದು, ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವಂಥದ್ದು. ಇನ್ನೊಂದು, ಬ್ಯಾಟರಿಗೆ ನೇರವಾಗಿ ಸೇರಿ ಯಾವಾಗಲೂ ಜೀವಂತ ಇರುವಂಥದ್ದು. ಒಂದೇ ಕಾರಿನಲ್ಲಿ ಎರಡೂ ಇರಬಹುದು. ಎಷ್ಟೋ ಸಲ ಮುಂದಿನದು ಕೀ ಜೊತೆ ಆಫ್ ಆಗುತ್ತದೆ, ಡಿಕ್ಕಿಯದು ಆಗುವುದಿಲ್ಲ. ಮುಂದಿನ ಒಂದನ್ನು ನೋಡಿ ಎಲ್ಲಾ ಹಾಗೇ ಅಂದುಕೊಳ್ಳುವುದು ಬಹಳ ಜನ ಮಾಡುವ ತಪ್ಪು.

ಪರೀಕ್ಷೆ ಸುಲಭ. ಕೀ ತೆಗೆದು, ಬಾಗಿಲು ಹಾಕಿ ಲಾಕ್ ಮಾಡಿ, ಅರ್ಧ ಗಂಟೆ ಬಿಡಿ. ಆಮೇಲೆ ಬಾಗಿಲು ತೆಗೆದು, ಕೀ ಹಾಕದೆಯೇ, ದೀಪ ಇರುವ ಚಾರ್ಜರನ್ನು ಒಂದೊಂದೇ ಸಾಕೆಟ್‌ಗೆ ಸಿಕ್ಕಿಸಿ. ದೀಪ ಹತ್ತಿತು ಅಂದರೆ ಆ ಸಾಕೆಟ್ ಯಾವಾಗಲೂ ಜೀವಂತ. ಅರ್ಧ ಗಂಟೆ ಯಾಕೆ ಅಂದರೆ, ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಹತ್ತಿಪ್ಪತ್ತು ನಿಮಿಷ ಸಾಕೆಟ್‌ನಲ್ಲಿ ಕರೆಂಟ್ ಇದ್ದು ಆಮೇಲೆ ಕಡಿದುಹೋಗುತ್ತದೆ. ಇನ್ನು ಕೆಲವು ಕಾರುಗಳು ಬಾಗಿಲು ತೆಗೆದ ಕೂಡಲೇ ಸಾಕೆಟ್‌ಗೂ ಕರೆಂಟ್ ಬಿಡುತ್ತವೆ. ಅನುಮಾನ ಬಂದರೆ ಚಾರ್ಜರ್ ಸಿಕ್ಕಿಸಿಯೇ ಲಾಕ್ ಮಾಡಿ, ಅರ್ಧ ಗಂಟೆ ಬಿಟ್ಟು ಗಾಜಿನ ಹೊರಗಿನಿಂದ ದೀಪ ಇದೆಯಾ ನೋಡಿ.

ಹುಡುಕಬೇಕಾದ ಜಾಗಗಳು: ಗೇರ್ ಮುಂದೆ, ಕೈ ಇಡುವ ಪೆಟ್ಟಿಗೆಯ ಒಳಗೆ, ಹಿಂದಿನ ಸೀಟಿಗೆ ಎದುರಾಗಿ, ಡಿಕ್ಕಿಯ ಪಕ್ಕದ ಗೋಡೆಯಲ್ಲಿ. ಯುಎಸ್‌ಬಿ ತೂತುಗಳನ್ನೂ ಇದೇ ರೀತಿ ನೋಡಿ. ಸ್ಟೀರಿಂಗ್ ಕೆಳಗೆ ಮೆಕ್ಯಾನಿಕ್ ಸ್ಕ್ಯಾನರ್ ಹಚ್ಚುವ ಓಬಿಡಿ ಪೋರ್ಟ್ ಇರುತ್ತದೆ. ಅದಕ್ಕೂ ಯಾವಾಗಲೂ ಕರೆಂಟ್ ಇರುತ್ತದೆ. ಅಲ್ಲಿ ಜಿಪಿಎಸ್ ಅಥವಾ ಬ್ಲೂಟೂತ್ ಡಬ್ಬಿ ಸಿಕ್ಕಿಸಿ ಮರೆತವರು ಬೇಕಾದಷ್ಟಿದ್ದಾರೆ.

ಸಾಕೆಟ್ ಒಳಗೆ ಟಾರ್ಚ್ ಬಿಟ್ಟು ನೋಡುವುದನ್ನು ಮರೆಯಬೇಡಿ. ಟೋಲ್‌ಗೆ ಅಂತ ಇಟ್ಟ ಚಿಲ್ಲರೆ ನಾಣ್ಯ ಒಳಗೆ ಬಿದ್ದು ಶಾರ್ಟ್ ಆಗಿ ಫ್ಯೂಸ್ ಹೋಗುವುದುಂಟು. ನಾಣ್ಯ ಇದ್ದರೆ ಮೊದಲು ಸಾಕೆಟ್‌ನ ಫ್ಯೂಸ್ ತೆಗೆಯಿರಿ, ಆಮೇಲೆ ನಾಣ್ಯ ತೆಗೆಯಿರಿ. ಸಾಕೆಟ್‌ನ ನಡುವಿನ ಗುಂಡಿ ಪ್ಲಸ್, ಸುತ್ತಲಿನ ಗೋಡೆ ಮೈನಸ್. ಜೀವಂತ ಸಾಕೆಟ್‌ಗೆ ಸ್ಕ್ರೂಡ್ರೈವರ್ ತೂರಿಸಿದರೆ ನೀವೇ ಶಾರ್ಟ್ ಮಾಡಿದ ಹಾಗೆ.

ಹಂತ 2: ಬ್ಯಾಟರಿಯೇ ಸರಿ ಇದೆಯಾ ನೋಡಿ

ಕರೆಂಟ್ ಎಲ್ಲಿ ಸೋರುತ್ತಿದೆ ಅಂತ ಹುಡುಕುವ ಮೊದಲು ಬ್ಯಾಟರಿಗೆ ಹಿಡಿದಿಡುವ ತಾಕತ್ತು ಇದೆಯಾ ತಿಳಿಯಬೇಕು. ತೂತಾದ ಕೊಡಕ್ಕೆ ನಲ್ಲಿ ದೋಷ ಹುಡುಕಿದರೆ ಏನು ಬಂತು?

ಗಾಡಿ ರಾತ್ರಿಯಿಡೀ ನಿಂತಮೇಲೆ ಬೆಳಿಗ್ಗೆ ಬಾನೆಟ್ ಎತ್ತಿ, ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಎರಡು ಟರ್ಮಿನಲ್‌ಗೆ ಹಿಡಿಯಿರಿ. 12.6 ಅಥವಾ ಮೇಲೆ ಇದ್ದರೆ ತುಂಬಿದೆ. 12.4 ಅಂದರೆ ಮುಕ್ಕಾಲು. 12.2 ಅಂದರೆ ಅರ್ಧ. 12ಕ್ಕೆ ಬಂದರೆ ಕಾಲು ಭಾಗ ಮಾತ್ರ. ವೋಲ್ಟ್‌ನಲ್ಲಿ ಇಷ್ಟೇ ಅಂತರ ಅಂತ ಹಗುರ ಮಾಡಬೇಡಿ.

ಈಗ ಸ್ಟಾರ್ಟ್ ಮಾಡಿ ಮತ್ತೆ ನೋಡಿ. 13.8ರಿಂದ 14.5ರ ಒಳಗೆ ಬಂದರೆ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ತುಂಬುವ ಯಂತ್ರ) ಸಾಮಾನ್ಯವಾಗಿ ಸರಿ ಇದೆ. 13ಕ್ಕಿಂತ ಕೆಳಗೇ ನಿಂತರೆ ಸಾಕೆಟ್ ತಪ್ಪಲ್ಲ, ಓಡುವಾಗಲೇ ಬ್ಯಾಟರಿ ತುಂಬುತ್ತಿಲ್ಲ. ಆಗ ಇಲ್ಲಿಗೇ ನಿಲ್ಲಿಸಿ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. ಹೊಸ ಕೆಲವು ಗಾಡಿಗಳಲ್ಲಿ ಮಾತ್ರ ಕಂಪ್ಯೂಟರೇ ಚಾರ್ಜಿಂಗ್ ಇಳಿಸಿ ಏರಿಸುತ್ತದೆ. ಅಂಥವುಗಳಲ್ಲಿ ಹೆಡ್‌ಲೈಟ್ ಹಾಕಿ ಇನ್ನೊಮ್ಮೆ ಅಳೆದು ನೋಡಿ.

ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕೂತಿದ್ದರೆ ಅಡುಗೆ ಸೋಡಾ ಕಲಸಿದ ಬಿಸಿ ನೀರಿನಲ್ಲಿ ಒರೆಸಿ ಒಣಗಿಸಿ. ಕ್ಲ್ಯಾಂಪ್ ಕೈಯಲ್ಲಿ ಅಲ್ಲಾಡಿದರೆ ಬಿಗಿ ಮಾಡಿ. ಎಷ್ಟೋ ಗಾಡಿಗಳ ರೋಗ ಇಷ್ಟರಲ್ಲೇ ವಾಸಿಯಾಗುತ್ತದೆ.

ಹಂತ 3: ಎರಡು ರಾತ್ರಿಯ ಪರೀಕ್ಷೆ

ಮೀಟರನ್ನು ಸರಣಿಯಲ್ಲಿ, ಅಂದರೆ ಕರೆಂಟ್ ಹರಿಯುವ ಹಾದಿಯ ನಡುವೆ, ಜೋಡಿಸಲು ಧೈರ್ಯ ಬರದವರಿಗೆ ಇದು ಸಾಕು. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ. ಮೊದಲ ರಾತ್ರಿ ಎಲ್ಲಾ ಸಾಕೆಟ್, ಯುಎಸ್‌ಬಿ, ಓಬಿಡಿಯಲ್ಲಿ ಇರುವುದನ್ನೆಲ್ಲ ಕಿತ್ತಿಡಿ. ಲಾಕ್ ಮಾಡಿ ಒಂದೆರಡು ಗಂಟೆ ಬಿಟ್ಟು ವೋಲ್ಟ್ ಬರೆದುಕೊಳ್ಳಿ, ಬೆಳಿಗ್ಗೆ ಮತ್ತೆ ಬರೆದುಕೊಳ್ಳಿ. ಮಾರನೇ ದಿನ ಗಾಡಿ ಓಡಿಸಿ ಬಂದು, ಎರಡನೇ ರಾತ್ರಿ ಎಲ್ಲವನ್ನೂ ಎಂದಿನಂತೆ ಸಿಕ್ಕಿಸಿ ಅದನ್ನೇ ಮಾಡಿ.

ಮೊದಲ ರಾತ್ರಿ 12.6 ಇದ್ದದ್ದು ಬೆಳಿಗ್ಗೆಯೂ 12.6 ಅಥವಾ ಕೂದಲೆಳೆಯಷ್ಟು ಕಡಿಮೆ, ಎರಡನೇ ರಾತ್ರಿ ಮಾತ್ರ 12.4ಕ್ಕೆ ಬಂತು ಅಂದರೆ ಕಳ್ಳ ಸಿಕ್ಕ. ಸಿಕ್ಕಿಸಿದ ಸಾಮಾನಿನಲ್ಲೇ ಇದ್ದಾನೆ. ನೇರ ಹಂತ 7ಕ್ಕೆ ಹೋಗಿ. ಏನೂ ಸಿಕ್ಕಿಸದ ರಾತ್ರಿಯೂ ಅಷ್ಟೇ ಇಳಿದರೆ ಮಾತ್ರ ಮುಂದಿನ ಹಂತಗಳು ಬೇಕು.

ಹಂತ 4: ಗಾಡಿಯನ್ನು ಮಲಗಿಸಿ

ಎಲ್ಲರೂ ಎಡವುವುದು ಇಲ್ಲಿ. ಕೀ ತೆಗೆದ ತಕ್ಷಣ ಕಾರು ಪೂರ್ತಿ ಆಫ್ ಆಗುವುದಿಲ್ಲ. ಒಳಗಿನ ಕಂಪ್ಯೂಟರುಗಳು ಒಂದೊಂದಾಗಿ ಮಲಗುತ್ತವೆ. ಅದಕ್ಕೆ 20 ನಿಮಿಷ ಬೇಕಾಗಬಹುದು, ಕೆಲವಕ್ಕೆ ಒಂದು ಗಂಟೆ. ಅಲ್ಲಿಯವರೆಗೆ ಒಂದು, ಎರಡು, ಮೂರು ಆಂಪ್ ತೋರಿಸಿದರೂ ಅದು ರೋಗವಲ್ಲ. ಬಾಗಿಲು ತೆಗೆದರೆ, ರಿಮೋಟ್ ಒತ್ತಿದರೆ, ಮತ್ತೆ ಎಚ್ಚರ. ಮತ್ತೆ ಮೊದಲಿನಿಂದ ಕಾಯಬೇಕು.

ಹಾಗಾಗಿ ತಯಾರಿ ಹೀಗಿರಲಿ. ಬಾನೆಟ್ ಎತ್ತಿಡಿ. ಡ್ರೈವರ್ ಕಡೆಯ ಗಾಜು ಇಳಿಸಿ. ಡ್ಯಾಶ್ ಕೆಳಗಿನ ಫ್ಯೂಸ್ ಬಾಕ್ಸ್‌ನ ಮುಚ್ಚಳ ಈಗಲೇ ತೆಗೆಯಿರಿ. ಡ್ರೈವರ್ ಬಾಗಿಲನ್ನು ತೆರೆದೇ ಇಟ್ಟು, ಬಾಗಿಲಿನ ಅಂಚಿನಲ್ಲಿರುವ ಲಾಕಿನ ಕೊಕ್ಕೆಯನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಕಟಕ್ ಅನ್ನಿಸಿ. ಬಾಗಿಲು ಮುಚ್ಚಿದೆ ಅಂತ ಕಾರು ತಿಳಿಯುತ್ತದೆ, ಒಳಗಿನ ದೀಪ ಆರುತ್ತದೆ. ಕೆಲವು ಗಾಡಿಗಳಲ್ಲಿ ಕೊಕ್ಕೆಯ ಬದಲು ಬಾಗಿಲ ಚೌಕಟ್ಟಿನಲ್ಲಿ ರಬ್ಬರ್ ಗುಂಡಿ ಇರುತ್ತದೆ, ಅದನ್ನು ಒತ್ತಿ ಟೇಪ್ ಹಚ್ಚಿ.

ಕೊಕ್ಕೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಕೆಲಸ ಮುಗಿದಮೇಲೆ ಬಾಗಿಲು ಹಾಕುವ ಮೊದಲು ಹೊರಗಿನ ಹಿಡಿ ಎಳೆದು ಕೊಕ್ಕೆ ಬಿಡಿಸಿ. ಮರೆತು ಜೋರಾಗಿ ಹಾಕಿದರೆ ಲಾಕ್ ಮುರಿಯುತ್ತದೆ.

ಬಟನ್ ಸ್ಟಾರ್ಟ್ ಗಾಡಿಯಾದರೆ ಕೀಯನ್ನು ಮನೆಯೊಳಗೆ, ದೂರದ ಕೋಣೆಯಲ್ಲಿ ಇಡಿ. ಜೇಬಿನಲ್ಲಿ ಇಟ್ಟುಕೊಂಡು ಸುತ್ತಾಡಿದರೆ ಗಾಡಿ ಮಲಗುವುದೇ ಇಲ್ಲ.

ಹಂತ 5: ಮೀಟರ್ ಜೋಡಿಸುವುದು

ಮೀಟರಿನ ಕಪ್ಪು ವೈರ್ 'ಕಾಮ್' ಅಂತ ಬರೆದ ತೂತಿಗೆ. ಕೆಂಪು ವೈರ್ 10 ಆಂಪ್ ತೂತಿಗೆ. ಗುಂಡಿಯನ್ನು 10 ಆಂಪ್ ಡಿಸಿಗೆ ತಿರುಗಿಸಿ. ಮಿಲಿಆಂಪ್ ತೂತಿನಿಂದ ಶುರು ಮಾಡಬೇಡಿ, ಅದರ ಫ್ಯೂಸ್ ತೀರಾ ಸಣ್ಣದು, ಒಂದೇ ಏಟಿಗೆ ಹೋಗುತ್ತದೆ.

ಕೆಲಸ ಪೂರ್ತಿ ಮೈನಸ್ ಕಡೆಯೇ. ಪ್ಲಸ್ ಕಡೆ ಬಿಚ್ಚುವಾಗ ಪಾನಾ ಬಾಡಿಗೆ ತಗುಲಿದರೆ ದೊಡ್ಡ ಕಿಡಿ ಹಾರುತ್ತದೆ.

ಈಗ ಆ ಮೊಸಳೆ ಕ್ಲಿಪ್ ವೈರಿನ ಉಪಯೋಗ. ಕ್ಲಿಪ್‌ನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದನ್ನು ಕೇಬಲ್‌ನ ಕ್ಲ್ಯಾಂಪ್‌ಗೆ ಭದ್ರವಾಗಿ ಹಾಕಿ. ಆಮೇಲೆ 10 ನಂಬರ್ ಪಾನಾದಿಂದ ನಟ್ಟು ಸಡಿಲಿಸಿ, ಕ್ಲ್ಯಾಂಪನ್ನು ಕಂಬದಿಂದ ಎತ್ತಿ, ನಡುವೆ ಬಟ್ಟೆ ಇಡಿ. ಕರೆಂಟ್ ಈಗ ವೈರ್ ಮೂಲಕ ಹರಿಯುತ್ತಿದೆ, ಕಾರಿಗೆ ಏನೂ ಗೊತ್ತಾಗಿಲ್ಲ. ಗಡಿಯಾರ ಹೋಗುವುದಿಲ್ಲ, ಸ್ಟೀರಿಯೋ ಕೋಡ್ ಕೇಳುವುದಿಲ್ಲ. ಮೀಟರಿನ ಎರಡು ವೈರನ್ನೂ ಅದೇ ಎರಡು ಜಾಗಕ್ಕೆ ಕ್ಲಿಪ್ ಮಾಡಿ.

ಗಾಡಿ ಲಾಕ್ ಮಾಡಿ. ಬಾನೆಟ್ ತೆರೆದಿದ್ದಕ್ಕೆ ಅಲಾರಂ ಕೂಗಿದರೆ, ಲಾಕ್ ಮಾಡದೇ ಬಿಟ್ಟು ಹೆಚ್ಚು ಹೊತ್ತು ಕಾಯಿರಿ. ಮುಕ್ಕಾಲು ಗಂಟೆ ಬಿಟ್ಟು ಬಂದು, ಮೊಸಳೆ ಕ್ಲಿಪ್ ವೈರನ್ನು ಮೆಲ್ಲಗೆ ತೆಗೆಯಿರಿ. ಈಗ ಕರೆಂಟ್ ಪೂರ್ತಿ ಮೀಟರ್ ಮೂಲಕವೇ ಹೋಗಬೇಕು. ಪರದೆಯ ಮೇಲಿನ ಅಂಕಿಯೇ ನಿಮಗೆ ಬೇಕಾದ ಅಂಕಿ.

ಈ ಸ್ಥಿತಿಯಲ್ಲಿ ಸೆಲ್ಫ್ ಹೊಡೆಯಬೇಡಿ, ಹೆಡ್‌ಲೈಟ್ ಹಾಕಬೇಡಿ, ಬಾಗಿಲು ತೆಗೆಯಬೇಡಿ. ಸೆಲ್ಫ್‌ಗೆ ನೂರಾರು ಆಂಪ್ ಬೇಕು, ಮೀಟರ್ ತಾಳುವುದು ಹತ್ತು. ಏನಾದರೂ ಮಾಡಲೇಬೇಕಾದರೆ ಮೊದಲು ಮೊಸಳೆ ಕ್ಲಿಪ್ ವೈರ್ ವಾಪಸ್ ಹಾಕಿ. ಸೆಲ್ಫ್ ಹೊಡೆಯಬೇಕಾದರೆ ಆ ವೈರೂ ಸಾಲದು, ಕ್ಲ್ಯಾಂಪನ್ನೇ ಮರಳಿ ಬಿಗಿ ಮಾಡಬೇಕು.

ಅಂಕಿ ಓದುವುದು ಹೀಗೆ. 0.03 ಅಂದರೆ 30 ಮಿಲಿಆಂಪ್. ಹಿಂದೆ ಮೈನಸ್ ಗುರುತು ಬಂದರೆ ವೈರ್ ಅದಲು ಬದಲು ಆಗಿದೆ ಅಷ್ಟೇ, ಅಂಕಿ ಸರಿ. 0.05ರ ಒಳಗಿದ್ದರೆ ಗಾಡಿ ಆರೋಗ್ಯವಾಗಿದೆ. 0.1 ದಾಟಿದರೆ ಹುಡುಕಬೇಕು. 0.3, 0.4 ಬಂದರೆ ಡಿಕ್ಕಿಯ ಅಥವಾ ಗ್ಲೋವ್ ಬಾಕ್ಸ್‌ನ ದೀಪ ಆರುತ್ತಿಲ್ಲವೋ, ಡ್ಯಾಶ್‌ಕ್ಯಾಮ್ ಇದೆಯೋ ನೋಡಿ. ನಮ್ಮ ಕಾಕಾನ ಗಾಡಿಯಲ್ಲಿ 0.14 ಇತ್ತು. ಪಂಪಿನ ಪ್ಲಗ್ ಕಿತ್ತು ಮತ್ತೆ ಮಲಗಿಸಿದ ಮೇಲೆ 0.03ಕ್ಕೆ ಇಳಿಯಿತು. 0.14 ಅಂದರೆ ದಿನಕ್ಕೆ ಸುಮಾರು 3.4 ಆಂಪ್-ಅವರ್. ಐದು ದಿನಕ್ಕೆ ಅರ್ಧ ಬ್ಯಾಟರಿ. ಭಾನುವಾರ ಅಣ್ಣಿಗೇರಿಗೆ ಹೋಗಿ ಬಂದಾಗ ಒಂದಿಷ್ಟು ತುಂಬುತ್ತಿತ್ತು. ಒಂದು ಭಾನುವಾರ ತಪ್ಪಿದರೆ ಗಾಡಿ ಏಳುತ್ತಿರಲಿಲ್ಲ. ಎರಡು ಒಳ್ಳೆಯ ಬ್ಯಾಟರಿ ಹೀಗೆ ಪದೇ ಪದೇ ಇಳಿದು ಹಾಳಾದವು ಅನ್ನುವುದು ನನಗೆ ಈಗಲೂ ಸಂಕಟ.

ಹಂತ 6: ಯಾವ ಫ್ಯೂಸಿನ ಹಾದಿಯಲ್ಲಿ ಹೋಗುತ್ತಿದೆ?

ಅಂಕಿ ಜಾಸ್ತಿ ಇದೆ, ಸಾಕೆಟ್‌ಗಳೆಲ್ಲ ಖಾಲಿ ಇವೆ ಅಂದರೆ ಫ್ಯೂಸ್ ಹಿಡಿದು ಹುಡುಕಬೇಕು. ಎರಡು ದಾರಿ ಇವೆ.

ಹಳೇ ದಾರಿ: ಒಂದೊಂದೇ ಫ್ಯೂಸ್ ಎಳೆದು ಮೀಟರ್ ನೋಡುವುದು. ಯಾವುದನ್ನು ಎಳೆದಾಗ ಅಂಕಿ ಥಟ್ಟನೆ ಬೀಳುತ್ತದೋ ಆ ಹಾದಿಯಲ್ಲಿ ದೋಷ. ಎಳೆದದ್ದನ್ನು ಅಲ್ಲಿಗೇ ಹಾಕಬೇಕು, ಹಾಗಾಗಿ ಶುರು ಮಾಡುವ ಮೊದಲು ಬಾಕ್ಸಿನ ಫೋಟೋ ತೆಗೆದುಕೊಳ್ಳಿ. ತೊಂದರೆ ಅಂದರೆ, ಹೊಸ ಗಾಡಿಗಳಲ್ಲಿ ಫ್ಯೂಸ್ ಮರಳಿ ಹಾಕಿದ ಕೂಡಲೇ ಯಾವುದೋ ಕಂಪ್ಯೂಟರ್ ಎಚ್ಚರಾಗಿ ಅಂಕಿ ಏರುತ್ತದೆ, ತಲೆ ಕೆಡುತ್ತದೆ.

ನನಗೆ ಎರಡನೇ ದಾರಿಯೇ ಮೆಚ್ಚು. ಬ್ಲೇಡ್ ಫ್ಯೂಸಿನ ತಲೆಯ ಮೇಲೆ ಎರಡು ಪುಟ್ಟ ಲೋಹದ ಚುಕ್ಕೆ ಕಾಣುತ್ತವೆ. ಕರೆಂಟ್ ಹರಿಯುತ್ತಿದ್ದರೆ ಆ ಎರಡರ ನಡುವೆ ಒಂದಿಷ್ಟು ಮಿಲಿವೋಲ್ಟ್ ಸಿಗುತ್ತದೆ. ಹರಿಯದಿದ್ದರೆ ಸೊನ್ನೆ. ಫ್ಯೂಸ್ ಕೀಳುವುದೇ ಬೇಡ, ಗಾಡಿ ಮಲಗಿಯೇ ಇರುತ್ತದೆ.

ಇದಕ್ಕೆ ಮೀಟರನ್ನು ಬ್ಯಾಟರಿಯಿಂದ ಬಿಡಿಸಬೇಕು. ಮೊದಲು ಮೊಸಳೆ ಕ್ಲಿಪ್ ವೈರ್ ಹಾಕಿ, ಆಮೇಲೆ ಮೀಟರ್ ತೆಗೆಯಿರಿ. ಮತ್ತೆ, ದಯವಿಟ್ಟು ಗಮನಿಸಿ, ಕೆಂಪು ವೈರನ್ನು 10 ಆಂಪ್ ತೂತಿನಿಂದ ತೆಗೆದು ವೋಲ್ಟ್ ತೂತಿಗೆ ಹಾಕಿ. ಬರೀ ಗುಂಡಿ ತಿರುಗಿಸಿದರೆ ಸಾಲದು. ಕೆಂಪು ವೈರ್ ಆಂಪ್ ತೂತಿನಲ್ಲೇ ಇದ್ದು ನೀವು ಬ್ಯಾಟರಿಯ ಎರಡು ಟರ್ಮಿನಲ್‌ಗೆ ಹಿಡಿದರೆ ಅದು ನೇರ ಶಾರ್ಟ್. ಮೀಟರ್ ಸುಡುವುದು ಬಹುಪಾಲು ಹೀಗೇ.

ಗುಂಡಿಯನ್ನು 200 ಮಿಲಿವೋಲ್ಟ್ ಡಿಸಿಗೆ ಇಟ್ಟು, ಮೀಟರಿನ ಎರಡು ಮೊನೆಗಳನ್ನು ಫ್ಯೂಸಿನ ಎರಡು ಚುಕ್ಕೆಗೆ ಒತ್ತಿ. ಸೊನ್ನೆ, ಸೊನ್ನೆ, ಸೊನ್ನೆ, ಆಮೇಲೊಂದು ಫ್ಯೂಸ್ ಮೇಲೆ 1.5, 2 ಮಿಲಿವೋಲ್ಟ್. ಅದೇ. ಅದರ ಹೆಸರನ್ನು ಮುಚ್ಚಳದ ನಕ್ಷೆಯಲ್ಲಿ ನೋಡಿ. ಸಣ್ಣ ಫ್ಯೂಸಿನಲ್ಲಿ 0.1, 0.2 ಬಂದರೆ ಬಿಡಿ, ಅದು ಸಾಮಾನ್ಯವಾಗಿ ಸಹಜವಾಗಿಯೇ ಎಚ್ಚರ ಇರುವ ಸಾಮಾನಿನದು. ಡ್ಯಾಶ್ ಕೆಳಗಿನ ಬಾಕ್ಸ್ ಮುಗಿದಮೇಲೆ ಬಾನೆಟ್ ಕೆಳಗಿನದನ್ನೂ ನೋಡಿ.

ಯಾವ ಫ್ಯೂಸಿನಲ್ಲೂ ಸಿಗಲಿಲ್ಲ, ಆದರೂ ಅಂಕಿ ಜಾಸ್ತಿ ಅಂದರೆ ಹೊರಗಿನಿಂದ ಹಾಕಿಸಿದ್ದರ ಮೇಲೆ ಅನುಮಾನ ಪಡಿ. ಅಂಗಡಿಯಲ್ಲಿ ಕೂಡಿಸಿದ ಆಂಪ್ಲಿಫೈಯರ್, ಹಾರ್ನ್, ಫಾಗ್ ಲೈಟ್, ಜಿಪಿಎಸ್ ಬಹಳ ಸಲ ಬ್ಯಾಟರಿಯಿಂದ ನೇರ ವೈರ್ ಎಳೆದಿರುತ್ತವೆ. ಆಲ್ಟರ್ನೇಟರ್ ಒಳಗಿನ ಡಯೋಡ್ ಕೆಟ್ಟರೂ ನಿಂತ ಗಾಡಿಯಿಂದ ಕರೆಂಟ್ ಸೋರುತ್ತದೆ. ಅದು ಮನೆಯಲ್ಲಿ ಬಿಚ್ಚುವ ಕೆಲಸವಲ್ಲ.

ಹುಡುಕಾಟ ಮುಗಿಯಿತು. ಕ್ಲ್ಯಾಂಪನ್ನು ಕಂಬಕ್ಕೆ ಕೂರಿಸಿ ಬಿಗಿ ಮಾಡಿ, ಆಮೇಲೆ ಮೊಸಳೆ ಕ್ಲಿಪ್ ತೆಗೆಯಿರಿ.

ಹಂತ 7: ಸರಿಪಡಿಸುವುದು

ಸಾಕೆಟ್‌ನದೇ ದೋಷವಾದರೆ ಮೊದಲ ಪರಿಹಾರಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಇಳಿಯುವಾಗ ಪ್ಲಗ್ ಕೀಳುವುದು. ದಿನಾ ಒಂದೇ ಗಾಡಿ ಓಡಿಸುವ ಒಬ್ಬರಿಗೆ ಇದು ಸಾಕು. ಮನೆಯಲ್ಲಿ ನಾಲ್ಕು ಜನ ಓಡಿಸುವ ಗಾಡಿಯಾದರೆ ಈ ನಿಯಮ ನಿಲ್ಲುವುದಿಲ್ಲ, ಯಾರೋ ಒಬ್ಬರು ಮರೆಯುತ್ತಾರೆ.

ಕೆಲವು ಕಾರುಗಳ ಫ್ಯೂಸ್ ಬಾಕ್ಸಿನಲ್ಲಿ ಸಾಕೆಟ್‌ನ ಫ್ಯೂಸಿಗೆ ಎರಡು ಜಾಗ ಇರುತ್ತವೆ. ಒಂದರಲ್ಲಿ ಹಾಕಿದರೆ ಯಾವಾಗಲೂ ಜೀವಂತ, ಇನ್ನೊಂದರಲ್ಲಿ ಕೀ ಜೊತೆ ಮಾತ್ರ. ನಿಮ್ಮ ಗಾಡಿಯಲ್ಲಿ ಹೀಗಿದೆಯಾ ಕೈಪಿಡಿಯಲ್ಲಿ ನೋಡಿ. ಇದ್ದರೆ ನಿಮ್ಮ ಅದೃಷ್ಟ, ಎರಡು ನಿಮಿಷದ ಕೆಲಸ.

ಇಲ್ಲದಿದ್ದರೆ ರಿಲೇ, ಅಂದರೆ ಸಣ್ಣ ಕರೆಂಟ್ ಕೊಟ್ಟಾಗ ದೊಡ್ಡ ಕರೆಂಟಿನ ಹಾದಿ ತೆರೆಯುವ ಸ್ವಿಚ್. ನಾಲ್ಕು ಕಾಲಿನ 12 ವೋಲ್ಟ್ ರಿಲೇ ಹುಬ್ಬಳ್ಳಿಯ ಯಾವುದೇ ಆಟೋ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. 30 ಅಂತ ಬರೆದ ಕಾಲಿಗೆ ಫ್ಯೂಸ್ ದಾಟಿ ಬಂದ ಬ್ಯಾಟರಿ ಪ್ಲಸ್. 87ರಿಂದ ಸಾಕೆಟ್‌ಗೆ. 85 ಬಾಡಿ ಅರ್ತ್‌ಗೆ. 86ಕ್ಕೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ವೈರ್. ಕೀ ತೆಗೆದರೆ ರಿಲೇ ಬಿಡುತ್ತದೆ, ಸಾಕೆಟ್ ಸಾಯುತ್ತದೆ. ವೈರ್ ಕತ್ತರಿಸದೆ ಫ್ಯೂಸ್ ಟ್ಯಾಪ್ (ಇರುವ ಫ್ಯೂಸಿನ ಜಾಗದಿಂದಲೇ ಇನ್ನೊಂದು ವೈರ್ ಎಳೆಯುವ ಕೊಂಡಿ) ಬಳಸಿ ಮಾಡಿಸಿದರೆ ಒಳ್ಳೆಯದು. ಕಂಪನಿ ವೈರಿಂಗ್ ಕತ್ತರಿಸಿದರೆ ವಾರಂಟಿಗೆ ತಕರಾರು ಬರಬಹುದು. ಏರ್‌ಬ್ಯಾಗ್, ಬ್ರೇಕ್, ಎಂಜಿನ್ ಕಂಪ್ಯೂಟರಿನ ಫ್ಯೂಸಿನಿಂದ ಟ್ಯಾಪ್ ಎಳೆಯುವುದು ಬೇಡವೇ ಬೇಡ. ಡ್ಯಾಶ್ ಕೆಳಗೆ ಹಳದಿ ಕೊಳವೆಯ ವೈರ್, ಹಳದಿ ಕನೆಕ್ಟರ್ ಕಂಡರೆ ಕೈ ಹಿಂದೆ ತೆಗೆಯಿರಿ, ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು.

ಗಾಡಿ ನಿಂತಾಗಲೂ ಡ್ಯಾಶ್‌ಕ್ಯಾಮ್ ಓಡಬೇಕು ಅನ್ನುವವರು ವೋಲ್ಟ್ ಇಳಿದಾಗ ತಾನೇ ಕಡಿಯುವ ಹಾರ್ಡ್‌ವೈರ್ ಕಿಟ್ ಹಾಕಿಸಿ. ಕಡಿಯುವ ಮಟ್ಟ 11.6ಕ್ಕೆ ಇಟ್ಟರೆ ಕಿಟ್ ಇದ್ದೂ ಉಪಯೋಗವಿಲ್ಲ, ಅಷ್ಟರಲ್ಲಿ ಬ್ಯಾಟರಿ ಖಾಲಿ. 12.2 ಅಥವಾ 12.4ಕ್ಕೆ ಇಡಿ.

ಇನ್ನು ಫ್ಯೂಸ್. ಗಾಳಿ ಪಂಪ್ 10 ಆಂಪ್ ದಾಟಿ ಎಳೆಯಬಹುದು. ಸಾಕೆಟ್‌ನ ಫ್ಯೂಸ್ ಪದೇ ಪದೇ ಹೋದರೆ 15 ಇದ್ದ ಜಾಗಕ್ಕೆ 30 ಹಾಕುವವರನ್ನು ನೋಡಿದ್ದೇನೆ. ಮಾಡಬೇಡಿ. ಆಗ ಫ್ಯೂಸ್ ಉಳಿಯುತ್ತದೆ, ಡ್ಯಾಶ್ ಒಳಗಿನ ವೈರ್ ಕರಗುತ್ತದೆ. ಸಾಕೆಟ್ ಮೇಲೆ ಬರೆದ ವ್ಯಾಟ್ ನೋಡಿ. 120 ವ್ಯಾಟ್ ಅಂದರೆ 10 ಆಂಪ್, ಅದರಾಚೆ ಬೇಡ.

ಹಂತ 8: ಇಳಿದ ಬ್ಯಾಟರಿಯನ್ನು ಎತ್ತುವುದು

ಜಂಪ್ ಮಾಡುವ, ಅಂದರೆ ಇನ್ನೊಂದು ಗಾಡಿಯ ಬ್ಯಾಟರಿಯಿಂದ ಕರೆಂಟ್ ಕೊಟ್ಟು ಸ್ಟಾರ್ಟ್ ಮಾಡುವ ಕ್ರಮ: ಕೆಂಪು ಕ್ಲಿಪ್ ಇಳಿದ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕ್ಲಿಪ್ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಕೊನೆಯ ತುದಿ ಇಳಿದ ಗಾಡಿಯ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಆ ಕೊನೆಯದನ್ನು ಬ್ಯಾಟರಿ ಮೇಲೆ ಹಾಕಬೇಡಿ, ಕಿಡಿ ಬ್ಯಾಟರಿಯಿಂದ ದೂರ ಇರಲಿ. ತೆಗೆಯುವಾಗ ಇದರ ಉಲ್ಟಾ. ಆಟೋಮ್ಯಾಟಿಕ್ ಗಾಡಿಯನ್ನು ದಬ್ಬಿ ಸ್ಟಾರ್ಟ್ ಮಾಡಲು ಹೋಗಬೇಡಿ.

ಸ್ಟಾರ್ಟ್ ಆದಮೇಲೆ "ಒಂದ್ ರೌಂಡ್ ಹೊಡೀರಿ, ಚಾರ್ಜ್ ಆಗ್ತೈತಿ" ಅನ್ನುವ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರ್. ಎಸಿ ಹಾಕಿಕೊಂಡು ಹೋಗಿ ಬಂದರೂ ಪೂರ್ತಿ ಇಳಿದ ಬ್ಯಾಟರಿ ತುಂಬುವುದಿಲ್ಲ. ಚಾರ್ಜಿಂಗ್ ಅಂಗಡಿಯಲ್ಲಿ ನಿಧಾನ ಚಾರ್ಜಿಗೆ ಹಾಕಿಸಿ. 35 ಆಂಪ್-ಅವರ್ ಬ್ಯಾಟರಿಗೆ ಮೂರು, ನಾಲ್ಕು ಆಂಪ್‌ನಲ್ಲಿ ಹತ್ತು ಹನ್ನೆರಡು ಗಂಟೆ. ಇಳಿದ ಸ್ಥಿತಿಯಲ್ಲೇ ವಾರಗಟ್ಟಲೆ ಬಿಟ್ಟರೆ ಒಳಗಿನ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಬ್ಯಾಟರಿಯ ಶಕ್ತಿ ಮರಳಿ ಬರುವುದೇ ಇಲ್ಲ.

ಈ ಸೂಚನೆಗಳು ಕಂಡರೆ ತಡ ಮಾಡಬೇಡಿ

ಸಾಕೆಟ್ ಅಥವಾ ಪ್ಲಗ್ ಮುಟ್ಟಿದರೆ ಕೈ ಸುಡುವಷ್ಟು ಬಿಸಿ, ಪ್ಲಗ್‌ನ ತುದಿ ಕಂದು ಬಣ್ಣಕ್ಕೆ ತಿರುಗಿದೆ, ಪ್ಲಾಸ್ಟಿಕ್ ಸುಟ್ಟ ವಾಸನೆ ಬರುತ್ತಿದೆ ಅಂದರೆ ಆ ಸಾಕೆಟ್‌ನ ಫ್ಯೂಸ್ ಇವತ್ತೇ ತೆಗೆದಿಡಿ. ಒಳಗೆ ಸಂಪರ್ಕ ಸಡಿಲವಾಗಿದೆ. ಬ್ಯಾಟರಿಯ ಹೊಟ್ಟೆ ಉಬ್ಬಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಚಾರ್ಜಿಗೂ ಹಾಕಬೇಡಿ, ಜಂಪೂ ಮಾಡಬೇಡಿ, ಬದಲಾಯಿಸಿ.

ಸೆಲ್ಫ್ ಹೊಡೆದಾಗ ಡ್ಯಾಶ್ ದೀಪಗಳು ಮಂಕಾಗುವುದು, ಗಡಿಯಾರ ತಾನೇ ಸೊನ್ನೆಗೆ ಬರುವುದು, ರಿಮೋಟ್ ಹತ್ತಿರ ಹೋದರೆ ಮಾತ್ರ ಕೆಲಸ ಮಾಡುವುದು, ಇವೆಲ್ಲ ಬ್ಯಾಟರಿ ಪೂರ್ತಿ ಕೈ ಕೊಡುವ ಮೊದಲು ಕಾಣುವ ಲಕ್ಷಣ. ರಿಮೋಟಿನದೇ ಸೆಲ್ ಹೋಗಿರಬಹುದು, ಅದನ್ನು ಮೊದಲು ಬದಲಿಸಿ ನೋಡಿ.

ಗಾಡಿ ವಾರಗಟ್ಟಲೆ ನಿಲ್ಲಿಸಿ ಹೋಗುವಾಗ

ಹುಬ್ಬಳ್ಳಿ ಸ್ಟೇಷನ್ ಹತ್ತಿರವೋ ವಿಮಾನ ನಿಲ್ದಾಣದಲ್ಲೋ ಗಾಡಿ ಬಿಟ್ಟು ಬೆಂಗಳೂರಿಗೆ ಹೋಗುವವರು ಇಳಿಯುವ ಮೊದಲು ಎಲ್ಲಾ ಸಾಕೆಟ್‌ಗೆ ಒಮ್ಮೆ ಕೈ ಆಡಿಸಿ, ಡಿಕ್ಕಿಯದಕ್ಕೂ. ಎರಡು ವಾರ ದಾಟುವುದಾದರೆ ಮೈನಸ್ ಕ್ಲ್ಯಾಂಪ್ ಬಿಚ್ಚಿ ಬಟ್ಟೆ ಸುತ್ತಿಡಿ. ರಿಮೋಟ್ ಲಾಕ್ ಆಗ ಕೆಲಸ ಮಾಡುವುದಿಲ್ಲ. ಕೀ ತೂರಿಸಿ ಡ್ರೈವರ್ ಬಾಗಿಲು ತೆರೆಯಲು ಆಗುತ್ತದೆಯಾ ಅಂತ ಮೊದಲೇ ಪರೀಕ್ಷೆ ಮಾಡಿ, ಡಿಕ್ಕಿಯೊಳಗೆ ಏನೂ ಬಿಡಬೇಡಿ, ಕರೆಂಟ್ ಇಲ್ಲದೆ ಅದು ತೆರೆಯದೇ ಇರಬಹುದು. ಮರಳಿ ಜೋಡಿಸಿದಾಗ ಗಡಿಯಾರ ಸರಿಮಾಡಿ, ಕಿಟಕಿಯ ಗಾಜನ್ನು ಒಮ್ಮೆ ಪೂರ್ತಿ ಇಳಿಸಿ, ಪೂರ್ತಿ ಏರಿಸಿ ಗುಂಡಿಯನ್ನು ಒಂದೆರಡು ಸೆಕೆಂಡ್ ಹಿಡಿಯಿರಿ. ಬಹಳಷ್ಟು ಗಾಡಿಗಳಲ್ಲಿ ತಾನಾಗಿ ಏರುವ ಗಾಜು ಹೀಗೆ ಮಾಡಿದರೆ ಮತ್ತೆ ಸರಿಹೋಗುತ್ತದೆ.